ಹಿಂದಿನ ನಿರಿಗೆ

ಮೆಣಸು ಕೊಯ್ಯುವಾಗ ಏಣಿ ಜಾರಿತು.
ಸಿಲ್ವರ್ ಓಕಿನ ತೊಗಟೆ ಮೊಣಕಾಲಿನ ಕೆಳಗೆ
ಅಂಗೈಯಗಲ ಚರ್ಮ ಕಿತ್ತುಕೊಂಡಿತು.
ಹೊಲಿಯಲು ಎರಡು ಅಂಚು ಒಂದನ್ನೊಂದು ಮುಟ್ಟಬೇಕಲ್ಲ.
"ತೆರೆದೇ ಬಿಡಿ, ತಾನೇ ಕೂಡಿಕೊಳ್ಳುತ್ತೆ" ಅಂದರು ಡಾಕ್ಟರು.
ತಾನೇ ಅಂದರೆ ಯಾರು?
ಕೇಳಿದಳು ಪೂವಮ್ಮ.

ನಾನು ಸಿದ್ದಾಪುರದ ಆಸ್ಪತ್ರೆಯ ಡ್ರೆಸ್ಸರ್.
ಗುರುವಾರಕ್ಕೊಮ್ಮೆ ಗಾಯದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ
ಮಾರ್ಕರಿನಲ್ಲಿ ಅದರ ಗಡಿ ಬರೆದಿಡುತ್ತೇನೆ.
ಎರಡನೇ ವಾರವೂ ಅಷ್ಟೇ ಅಗಲ.
ಅವಳ ಮುಖ ಬಾಡಿತು.

ಒಳಗೆ ನಡೆಯುತ್ತಿದೆ, ತಾಳಿ, ಅಂದೆ.
ನೂಲು ನೇಯುವ ಜೀವಕೋಶಗಳಿವೆ ಚರ್ಮದ ಅಡಿಯಲ್ಲಿ.
ಬರೀ ನೇಕಾರರು. ಆದರೆ ನೇಯ್ದದ್ದು ಬಿಗಿಯಾದಂತೆ
ಅವಕ್ಕೇ ರಟ್ಟೆ ಬರುತ್ತದೆ,
ಸ್ನಾಯುವಿನ ಹಾಗೆ;
ಸುತ್ತಲಿನ ಒಳ್ಳೆಯ ಚರ್ಮವನ್ನು ಹಿಡಿದು
ನಡುವಿನ ಕಡೆಗೆ ಜಗ್ಗುತ್ತವೆ, ಕೂದಲೆಳೆ ಕೂದಲೆಳೆಯಾಗಿ.

ನೈಟಿಯ ಅಂಚು ಮೇಲೆತ್ತಿ ಕೂತವಳು ನಕ್ಕಳು:
"ನಮ್ಮ ಸೀರೆಯೇ ಹಾಗಾದರೆ!
ನಿರಿಗೆ ಹಿಡಿಯೋದೆಲ್ಲ ಹಿಂದೆ,
ಮುಂದೆ ನಿಂತು ನೋಡುವವರಿಗೆ ಏನು ಗೊತ್ತು."

ಮೂರನೇ ಗುರುವಾರ ವೀಳ್ಯದೆಲೆ.
ಐದನೆಯದಕ್ಕೆ ಕಾಫಿ ಎಲೆ, ಆಮೇಲೆ ಬೀಜ.
ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರೆ
ಸರ್ವೆಯವರ ನಕ್ಷೆಯಲ್ಲಿನ ಬೆಟ್ಟ:
ಗೆರೆಯೊಳಗೆ ಗೆರೆ, ತುದಿಯಲ್ಲೊಂದು ಚುಕ್ಕಿ.

ಗಾಯ ಮುಚ್ಚಿದ ಮೇಲೆ ಆ ಜಗ್ಗಿದವರು ಏನಾಗುತ್ತಾರೆ ಅಂತ
ಅವಳು ಕೇಳಲಿಲ್ಲ.
ಸಾಯುತ್ತಾರೆ. ಸದ್ದಿಲ್ಲದೆ, ಗುಂಪಾಗಿ.
ಸಾಯಬೇಕು.

ಯಾಕೆಂದರೆ ಎದುರಿನ ಬೆಂಚಿನಲ್ಲಿ ಬೊಳಕ ಇದ್ದಾನೆ,
ಲೈನ್‌ಮನೆಯ ಹುಡುಗ, ಒಂಬತ್ತು ವರ್ಷ.
ಹಿಂದಿನ ವರ್ಷ ಸ್ನಾನದ ಹಂಡೆ ಮಗುಚಿ ಮೊಣಕೈ ಬೆಂದಿತು.
ಗಾಯ ಎಂದೋ ಮುಚ್ಚಿದೆ.
ಸಾಕು ಅಂತ ಯಾರೂ ಹೇಳಲಿಲ್ಲ ಅವಕ್ಕೆ,
ಜಗ್ಗುತ್ತಲೇ ಹೋದವು;
ಬಿಗಿದಷ್ಟೂ ಬಿಗಿಯುವ ಜಾತಿ.
ಈಗ ಹಾಕಿ ಸ್ಟಿಕ್ಕು ಹಿಡಿದರೆ ಬಲಗೈ
ಅರ್ಧದಲ್ಲೇ ನಿಲ್ಲುತ್ತದೆ, ತೆರೆಯದ ಚೂರಿಯ ಹಾಗೆ.
ಮೈಸೂರಿನಲ್ಲಿ ಆಪರೇಷನ್ನಿಗೆ ಹೆಸರು ಬರೆಸಿದ್ದೇವೆ.
ಅಲ್ಲಿಯತನಕ ಎಣ್ಣೆ, ಪಟ್ಟಿ, ಈ ಗೋಡೆ.

ಒಂಬತ್ತನೇ ಗುರುವಾರ ಪೂವಮ್ಮ ಸೀರೆಯಲ್ಲಿ ಬಂದಳು,
ನೆಂಟರ ಮದುವೆಗೆ ಹೊರಟವಳು.
ಹಾಳೆ ಹಾಸಿದೆ. ಬರೆಯಲು ಏನೂ ಇರಲಿಲ್ಲ.
ಅವಳು ತಿರುಗಿ ನಡೆದಾಗ
ಬೆನ್ನ ಕೆಳಗೆ ನಿರಿಗೆಗಳು ಬಿಚ್ಚಿ ಮುಚ್ಚಿ ಬಿಚ್ಚಿದವು,
ಬೊಳಕ ಬಾಗಿಲಿನವರೆಗೂ ನೋಡಿದ.

ಆಮೇಲೆ ಎದ್ದು ಬಂದು ಗೋಡೆಗೆ ಕೈ ಚಾಚಿದ.
ಹಲ್ಲು ಕಚ್ಚಿದ. ನಾನು ಪೆನ್ಸಿಲ್ಲಿನಲ್ಲಿ ಗೀಟು ಎಳೆದೆ,
ಹೋದ ವಾರದ ಗೀಟಿಗಿಂತ
ಒಂದು ಉಗುರಿನಷ್ಟು ಮೇಲೆ.