ಡುಲೂತ್: ಬೈಕು ಬಿಚ್ಚಿದ ಚಳಿಗಾಲ

ಏರ್ ಫಿಲ್ಟರ್ ಒಂದನ್ನು ಬದಲಿಸಬೇಕಿತ್ತು, ಅಷ್ಟೇ.
ಅದಕ್ಕೆ ರೇಡಿಯೊ ಕಳಚಬೇಕು,
ಕ್ಯಾಸೆಟ್ಟು ನುಂಗುವ ಬಾಯಿ ಕಳಚಬೇಕು,
ಹೊಟ್ಟೆಯ ಮೇಲಿನ ಹೊದಿಕೆ ಎತ್ತಬೇಕು:
ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದಂತೆ.
ಬಿಚ್ಚಿದ್ದಂತೂ ಆಯಿತು, ಟೈಮಿಂಗ್ ಬೆಲ್ಟನ್ನೂ ನೋಡೋಣ ಅಂದುಕೊಂಡೆ.
ಹಾಗೆ ಶುರುವಾದದ್ದು, ನವೆಂಬರಿನಲ್ಲಿ.

ಮುನ್ನೂರ ಎಪ್ಪತ್ತು ಕಿಲೊ. ಆರು ಸಿಲಿಂಡರು.
ಗ್ಯಾರೇಜಿನ ಅರ್ಧ ಅದು, ಇನ್ನರ್ಧ ಅದರ ಚರ್ಮ.
ಮೆರೂನ್ ಪ್ಲಾಸ್ಟಿಕ್ಕಿನ ಕೆನ್ನೆ, ಪಕ್ಕೆ, ಗದ್ದ
ಹಳೆ ಜಮಖಾನದ ಮೇಲೆ ಅಂಗಾತ.
ಸ್ಕ್ರೂಗಳಿಗೆಂದು ಮೊದಲು ಇಡ್ಲಿ ತಟ್ಟೆ ತಂದೆ.
ತೂತುಗಳಲ್ಲಿ ಸಣ್ಣವು ಜಾರಿ ನೆಲಕ್ಕೆ,
ನೆಲದಿಂದ ಇನ್ನೆಲ್ಲಿಗೋ.
ಆಮೇಲೆ ಪಡ್ಡಿನ ಹಂಚು. ಹನ್ನೆರಡು ಗುಳಿ,
ಪ್ರತಿ ಗುಳಿಯ ಪಕ್ಕ ಸೀಮೆಸುಣ್ಣದ ನಂಬರು.
ನಾಲ್ಕು ತಿಂಗಳು ಮನೆಯಲ್ಲಿ ಪಡ್ಡು ಇಲ್ಲ.

ಒಳಗೆ ಎಲ್ಲೆಲ್ಲೂ ರೈನೊ ಹೌತಲಾನ ಕೈ.
ರೇಡಿಯೇಟರಿನ ಬೆನ್ನಿಗೆ ಅಂಟುಪಟ್ಟಿ:
‘ಬೆಲ್ಟು ಹಾಕಿದ್ದು ೨೦೦೯ ಆಗಸ್ಟ್. ಸೆಖೆ.’
ಬ್ಯಾಟರಿ ಪೆಟ್ಟಿಗೆಯ ಹಿಂದೆ ಇನ್ನೊಂದು:
‘ಇದನ್ನು ಜಾಸ್ತಿ ಬಿಗಿಯಬೇಡ. ನಾನು ಬಿಗಿದೆ.’
ನೋಡಿದರೆ, ಥ್ರೆಡ್ಡು ಸವೆದ ತೂತಿನೊಳಗೆ
ಹೊಸ ಉಕ್ಕಿನ ಸುರುಳಿ ಕೂರಿಸಿದ್ದಾನೆ,
ಹರಿದ ತೋಳಿಗೆ ಒಳಗಿಂದ ಹೊಲಿಗೆ ಹಾಕಿದ ಹಾಗೆ.

ಸೊಂಟದ ಕೀಲು ಬದಲಿಸಿಕೊಂಡ ಮೇಲೆ
ಸಿಗ್ನಲ್ಲಿನಲ್ಲಿ ಗಾಡಿಯ ಭಾರ ಹಿಡಿಯಲಾರದೆ ನನಗೆ ಮಾರಿದ.
ಶನಿವಾರ ಬರುತ್ತಾನೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾನೆ.
ಕಾಫಿ ಅವನದೇ ಫ್ಲಾಸ್ಕಿನದು. ನನ್ನದು ಪಾಯಸವಂತೆ.
‘ಹನ್ನೆರಡು’ ಎನ್ನುತ್ತಾನೆ. ಹನ್ನೆರಡರ ಸ್ಪ್ಯಾನರು ಎತ್ತಿಕೊಳ್ಳುತ್ತೇನೆ.
‘ಸಾಕು’ ಎನ್ನುತ್ತಾನೆ. ಬಿಡುತ್ತೇನೆ.
ಒಂದು ಮಧ್ಯಾಹ್ನಕ್ಕೆ ಇಷ್ಟು ಮಾತು.

ಫೆಬ್ರವರಿ. ಹಿಂಚಕ್ರ ಇಳಿಸಿ
ಶಾಫ್ಟಿನ ಹಲ್ಲುಗಳಿಗೆ ಕಪ್ಪು ಗ್ರೀಸು ಬಳಿದೆ.
ಡಿಕ್ಕಿಯ ಬಿಜಾಗರಿಗೆ ಸುತ್ತಿಕೊಂಡಿತ್ತು ನೀಲಿ ಉಣ್ಣೆಯ ಎಳೆ.
‘ಆರ್ಲಿಸ್’ ಎಂದ. ‘ಹಿಂದೆ ಕೂತು ಹೆಣೆಯುತ್ತಿದ್ದಳು.
ಯೆಲ್ಲೋಸ್ಟೋನಿಗೆ ಹೋಗಿ ಬರುವಷ್ಟರಲ್ಲಿ ಒಂದು ಸ್ವೆಟರು.
ಎಡತೋಳು ಉದ್ದ. ವಯೋಮಿಂಗಿನ ಗಾಳಿ.’

ಅಲ್ಲೇ ಕೆಳಗೆ ಸಿಕ್ಕಿದ್ದು ತಂತಿ,
ಮುಂದಿನ ಹೆಲ್ಮೆಟ್ಟಿಗೂ ಹಿಂದಿನದಕ್ಕೂ ನಡುವೆ ಮಾತು ಒಯ್ಯುವುದು.
ಇಲಿ ಕಡಿದದ್ದಲ್ಲ, ತುಕ್ಕು ತಿಂದದ್ದಲ್ಲ.
ನೇರ ಕತ್ತರಿಸಿ, ಎರಡು ತುದಿಗೂ ಬೇರೆ ಬೇರೆ ಟೇಪು ಸುತ್ತಿ,
ಒಂದನ್ನೊಂದು ಮುಟ್ಟದಂತೆ
ಪಕ್ಕಪಕ್ಕ ಕಟ್ಟಿಟ್ಟಿತ್ತು.
ಇಲ್ಲಿ ಮಾತ್ರ ಚೀಟಿ ಇಲ್ಲ.

ಬೆಸುಗೆ ಕಡ್ಡಿ ಕಾಯಿಸಿದೆ. ಐದು ನಿಮಿಷದ ಕೆಲಸ.
ಅವನು ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ ನೋಡುತ್ತಿದ್ದ.
‘ಅದು ಕೆಟ್ಟಿಲ್ಲ’ ಎಂದ.

ಯಾರು ಕತ್ತರಿಸಿದ್ದು, ಯಾವ ಊರು ದಾಟಿದ ಮೇಲೆ,
ಹೆಣಿಗೆ ಚೀಲದ ಕತ್ತರಿಯೋ ಇವನ ಇಕ್ಕಳವೋ,
ಕೇಳಲಿಲ್ಲ. ಹಳೆ ಟೇಪು ಅಂಟು ಬಿಟ್ಟಿತ್ತು.
ತೆಗೆದು ಒಂದೊಂದು ತುದಿಗೆ ಒಂದೊಂದು
ಹೊಸದು ಸುತ್ತಿದೆ, ಅವನು ಸುತ್ತಿದ ದಿಕ್ಕಿಗೇ.
ಕಡ್ಡಿ ಸುಮ್ಮನೆ ಹೊಗೆಯಾಡಿತು.

ಮಾರ್ಚಿನ ಕೊನೆಗೆ ಗಡ್ಡೆ ಒಡೆದು
ಅದಿರು ತುಂಬಲು ಮೊದಲ ಹಡಗು ಬಂತು.
ಉದ್ದಕ್ಕೊಂದು, ಗಿಡ್ಡ ಎರಡು ಕೂಗು.
ಸೇತುವೆ ಅದೇ ಕೂಗನ್ನು ಮರಳಿಸಿ
ಮೈ ಎತ್ತಿ ದಾರಿ ಬಿಟ್ಟಿತು. ಬೆಟ್ಟದ ಮೇಲಿನ ಗ್ಯಾರೇಜಿನ ತಗಡು ನಡುಗಿತು.

ಕೆನ್ನೆ, ಪಕ್ಕೆ, ಗದ್ದ ಎಲ್ಲ ಅದರದರ ಜಾಗಕ್ಕೆ.
ಹಂಚು ನೋಡಿದೆ: ಹನ್ನೊಂದು ಗುಳಿ ಖಾಲಿ,
ಏಳನೆಯದರಲ್ಲಿ ಒಂದು ಸ್ಕ್ರೂ.
ಟಾರ್ಚು ಹಿಡಿದು ಮಂಡಿಯೂರಿ ಸುತ್ತ ಹುಡುಕಿದೆ.
ಖಾಲಿ ತೂತು ಎಲ್ಲೂ ಇಲ್ಲ.
ರೈನೊ ಅದನ್ನು ಅಂಗೈಯಲ್ಲಿ ಹೊರಳಿಸಿದ.
‘ಓ, ಇದಾ. ನನಗೂ ಉಳಿದಿತ್ತು’ ಎಂದ.
‘ಗುಂಡಿ ಒತ್ತು.’