ಎಡತೋಳು

ಮಂಗಳವಾರ ಎಂಟಕ್ಕೆ ಗ್ಲೆನಿಸ್ ಬರುತ್ತಾಳೆ.
ಬಾಗಿಲು ಬಡಿಯುವುದಿಲ್ಲ, ಕೆಮ್ಮುತ್ತಾಳೆ.
ನಾನು ಕೆಟಲ್ ಇಡುತ್ತೇನೆ, ಅವಳು ಟೀವಿ ಹಾಕುತ್ತಾಳೆ.
ರೋಂಡಾ ಕಣಿವೆಯ ಈ ಸಾಲುಮನೆಗಳಲ್ಲಿ
ಒಂದೊಂದು ಕಿಟಕಿಯಲ್ಲೂ ಆಗ ಅದೇ ನೀಲಿ ಬೆಳಕು.

ಹೊಲಿಗೆ ಸ್ಪರ್ಧೆ. ಹನ್ನೆರಡು ಜನ, ಹನ್ನೆರಡು ಮಿಶಿನ್ನು,
ನಾಲ್ಕು ತಾಸಿನಲ್ಲಿ ಒಂದು ಅಂಗಿ, ಇಡೀ ಅಂಗಿ,
ಕಾಲರು, ಪಟ್ಟಿ, ಕಾಜ, ಎರಡೂ ತೋಳು.
"ಎರಡೂ ತೋಳು!" ಅನ್ನುತ್ತಾಳೆ ಗ್ಲೆನಿಸ್.
ಪ್ರತಿ ವಾರವೂ ಅನ್ನುತ್ತಾಳೆ.

ಮೂವತ್ತೊಂದು ವರ್ಷ ನಾನು ಎಡತೋಳು ಕೂರಿಸಿದವಳು.
ನನ್ನೆದುರಿಗೆ ಅವಳು, ಬಲತೋಳು.
ಫ್ಯಾಕ್ಟರಿಯ ಮೂರನೇ ಸಾಲು, ತಗಡಿನ ಮಾಡು,
ಡಜನ್ನಿಗೆ ಇಷ್ಟು ಪೆನ್ಸ್ ಎಂದು ಬದುಕು.
ಕಾಲರು ಎಲ್ಲಿಂದಲೋ ಬರುತ್ತಿತ್ತು, ಗುಂಡಿಗೆ ಎಲ್ಲಿಗೋ ಹೋಗುತ್ತಿತ್ತು.
ಪೂರ್ತಿಯಾದ ಅಂಗಿಯನ್ನು ನಾನು ಮೊದಲು ಕಂಡದ್ದು
ಕಾರ್ಡಿಫಿನ ಅಂಗಡಿಯ ಗಾಜಿನ ಹಿಂದೆ,
ತಲೆಯಿಲ್ಲದ ಗೊಂಬೆಯ ಮೇಲೆ.
ನಿಂತು ಎಡ ಹೆಗಲು ನೋಡಿದೆ. ಬೆಲೆ ನೋಡಿದೆ.
ಬಸ್ಸು ಹಿಡಿದೆ.

ಈ ವಾರ ಪ್ಲಿಮತ್ ಕಡೆಯ ರೈಲು ಗಾರ್ಡು,
ಡೆಂಜಿಲ್ ಅಂತೆ ಹೆಸರು, ಗುದ್ದಲಿಯಂಥ ಕೈ.
ತೋಳಿನ ಸುತ್ತು ಹೆಚ್ಚು, ಕಂಕುಳ ಸುತ್ತು ಕಡಿಮೆ,
ಬಟ್ಟೆ ಉಬ್ಬಿ ಅಲೆಯಾಗಿ ನಿಂತಿದೆ,
ಇನ್ನೇನು ಅಳುತ್ತಾನೆ ಹುಡುಗ.
"ಎಳೀಬೇಡ್ವೋ, ಉಣ್ಣಿಸು!" ಎಂದು ಟೀವಿಗೆ ಕೂಗಿದೆ.
ಉಣ್ಣಿಸಬೇಕು, ಹಟದ ಮಗುವಿಗೆ ಉಣ್ಣಿಸುವ ಹಾಗೆ
ಹೆಚ್ಚಿದ್ದನ್ನು ಚೂರುಚೂರೇ ಕಡಿಮೆಯದರ ಬಾಯಿಗೆ.
ಮಿಶಿನ್ನಿಗೆ ತಿಳಿಯದು, ತೋರುಬೆರಳಿಗೆ ತಿಳಿದದ್ದು.
ನನ್ನ ಬೆರಳು ಕುರ್ಚಿಯ ಕೈ ಮೇಲೆ
ತಾನಾಗಿ ಉಣ್ಣಿಸುತ್ತಿತ್ತು.
ಗ್ಲೆನಿಸ್ ನೋಡಿದಳು, ಏನೂ ಅನ್ನಲಿಲ್ಲ.

ತೀರ್ಪುಗಾರ್ತಿ ಕನ್ನಡಕ ಸರಿಸಿ, ಒಳಗು ಹೊರಗು ಮಾಡಿ
ಸುಕ್ಕು ಎಣಿಸುತ್ತಾಳೆ. ಸರಿ, ಅವಳ ಕೆಲಸ.
ಆದರೆ ಇವರು ಯಾವತ್ತೂ ಹಳೆಯದನ್ನು ಕೊಡುವುದಿಲ್ಲ.
ಎಲ್ಲ ಹೊಸ ಥಾನು, ಗರಿಗರಿ.

ನನ್ನಮ್ಮನಿಗೆ ಕೊಟ್ಟ ಸ್ಪರ್ಧೆ ಬೇರೆ:
ಅಪ್ಪನ ಬಿಳಿ ಅಂಗಿ ಒಂದು, ಕಾಲರು ಸವೆದು ಹಿಂಜಿದ ಅರಳೆ.
ರಾತ್ರಿ ಹತ್ತು. ಬೆಳಿಗ್ಗೆ ಚಾಪೆಲ್ಲಿನಲ್ಲಿ ಯಾರದೋ ಮಣ್ಣು.
ಹೊಲಿಗೆ ಬಿಚ್ಚಿ ಕಾಲರನ್ನು ಮಗುಚಿ ಕೂರಿಸು,
ಸವೆದ ಮುಖ ಒಳಗೆ, ಒಳಗಿದ್ದ ಮುಖ ಹೊರಗೆ.
ಬಿಚ್ಚಿದ ದಾರವನ್ನೂ ಎಸೆಯುವಂತಿಲ್ಲ.
ಗಡುವು: ಮೀಟರಿಗೆ ಹಾಕಿದ ಶಿಲ್ಲಿಂಗು ಮುಗಿದು
ದೀಪ ಆರುವ ತನಕ.
ತೀರ್ಪುಗಾರರು: ಹಿಂದಿನ ಬೆಂಚಿನ ಹೆಂಗಸರು.
ಬಹುಮಾನ: ಅವರು ಏನೂ ಗುರುತಿಸಲಿಲ್ಲ.

ಅದಕ್ಕಾಗ ಹೆಸರಿರಲಿಲ್ಲ. ಈಗ ಹವ್ಯಾಸವಂತೆ,
ಡಬ್ಬಿಯಲ್ಲಿ ಸಿಗುತ್ತದೆ, ಸೂಚನೆ ಸಮೇತ.
ಸಿಟ್ಟಿಲ್ಲ ನನಗೆ. ಮೊಮ್ಮಗಳು ಸೆರೆನ್ ಒಂದು ತಂದಳು,
ಮೂರು ಸಂಜೆ ಕೂತು ನರಿಯ ಮೂತಿ ಕಸೂತಿ ಹಾಕಿದಳು.
ಹಿಂಬದಿ ತಿರುಗಿಸಿ ನೋಡಿದೆ: ಹಕ್ಕಿಗೂಡು.
"ಚೆನ್ನಾಗಿದೆ" ಅಂದೆ. ಚೆನ್ನಾಗೇ ಇತ್ತು, ಮುಂಬದಿ.

ಫ್ಯಾಕ್ಟರಿ ಮುಚ್ಚಿದ ದಿನ ಎಲ್ಲರೂ ಏನಾದರೊಂದು ಕದ್ದರು.
ನಾನು ಕತ್ತರಿ.
ಗ್ಲೆನಿಸ್ ಏನೆಂದು ಇವತ್ತಿಗೂ ಹೇಳಿಲ್ಲ.

ಫಲಿತಾಂಶದ ಹೊತ್ತಿಗೆ ಅವಳಿಗೆ ನಿದ್ದೆ.
ಕಾರ್ಡಿಗನ್ನಿನ ಎರಡನೇ ಗುಂಡಿ ಒಂದೇ ಎಳೆಯಲ್ಲಿ
ಉಸಿರಾಡಿದಾಗೆಲ್ಲ ಜೋಲಿ ಹೊಡೆಯುತ್ತಿದೆ.
ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು ಅನ್ನುತ್ತಿದ್ದಳು ಅಮ್ಮ,
ಬುದ್ಧಿಯನ್ನೂ ಸೇರಿಸಿ ಹೊಲಿದುಬಿಡ್ತೀಯ ಅಂತ.
ಹಾಕಿದೆ.
ಅವಳ ಉಸಿರು ಹೊರಗೆ ಹೋದಾಗ ಸೂಜಿ ಒಳಗೆ,
ಒಳಗೆ ಬಂದಾಗ ಹೊರಗೆ.
ನಾಲ್ಕು ಸುತ್ತು, ಬುಡಕ್ಕೊಂದು ಕತ್ತು, ಗಂಟು.
ಕತ್ತರಿ ದೂರವಿತ್ತು. ಬಗ್ಗಿ ಹಲ್ಲಲ್ಲೇ ಕಡಿಯಹೋದೆ,
ಕಟ್ಟಿಸಿದ ಹಲ್ಲು, ದಾರ ಜಾರಿತು.

ಕಣ್ಣು ಮುಚ್ಚಿಕೊಂಡೇ ಕೇಳಿದಳು:
"ಯಾರು ಹೋದದ್ದು?"
"ಗಾರ್ಡು."
"ತೋಳಾ?"
"ಹೂಂ. ಬಲದ್ದು."
"ಸುಳ್ಳು," ಅಂದಳು ಗ್ಲೆನಿಸ್.