ಕಣ್ಣು ಬಿಟ್ಟರೆ ಸಾಕು

ನಮ್ಮವ್ವ ಹೊಡೆದದ್ದು ಕಡಿಮೆ.
ಅಗತ್ಯ ಬೀಳುತ್ತಿರಲಿಲ್ಲ, ಕಣ್ಣಿತ್ತಲ್ಲ.

ಒಹಾಫಿಯದಲ್ಲಿ, ಯಾರದೋ ಮನೆಗೆ ಹೋದಾಗ
ಕರಿದ ಚಿನ್‌ಚಿನ್ ತುಂಬಿದ ತಟ್ಟೆ ಮುಂದೆ ಬರುತ್ತಿತ್ತು.
ತಗೋ ಮಗೂ, ನಾಚಬೇಡ, ಅನ್ನುತ್ತಿದ್ದಳು ಮನೆಯಾಕೆ.
ನಾನು ತಟ್ಟೆ ನೋಡುತ್ತಿರಲಿಲ್ಲ. ಅವ್ವನನ್ನು ನೋಡುತ್ತಿದ್ದೆ.
ರೆಪ್ಪೆ ಒಮ್ಮೆ ಇಳಿದರೆ, ಒಂದೇ ಒಂದು ತಗೋ.
ಇಳಿಯದಿದ್ದರೆ, ಹೊಟ್ಟೆ ತುಂಬಿದೆ ಅನ್ನು.
ಹುಬ್ಬು ಬಾಗಿಲ ಕಡೆ ಹೊರಳಿದರೆ
ಇದು ದೊಡ್ಡವರ ಮಾತು, ಆಚೆ ನಡಿ.
ಕೊನೆಯದೊಂದಿತ್ತು: ತುಟಿಯ ನಗು ತುಟಿಯಲ್ಲೇ,
ಬಿಟ್ಟ ಕಣ್ಣು ಬಿಟ್ಟ ಹಾಗೇ.
ಮನೆಗೆ ಬಾ, ಅಂತ ಅದರರ್ಥ.
ಮನೆ ಎರಡು ಮೈಲಿ ದೂರ.
ಅಷ್ಟು ಬೇಗ ಮುಗಿಯುವ ದಾರಿಯನ್ನು ನಾನು ಮತ್ತೆ ಕಂಡಿಲ್ಲ.

ಅವ್ವನದೊಂದೇ ಅಲ್ಲ.
ಗೆಣಸು ಮಾರುವವಳಿಗೂ ಆ ಕಣ್ಣಿತ್ತು,
ಇಗರ್ಜಿಯ ಗಂಟೆ ಹೊಡೆಯುವವನಿಗೂ.
ಹೆತ್ತವಳೊಬ್ಬಳು, ಕಾಯುವ ಕಣ್ಣು ಊರಿಗೆಲ್ಲ.

ಈಗ ಅಬಾ ಪಟ್ಟಣದಲ್ಲಿ ನನಗೊಬ್ಬಳು ಮಗಳು,
ಮುನಾಚಿ, ಹನ್ನೊಂದು ತುಂಬಿದೆ.
ನಾನೂ ಬಿಡುತ್ತೇನೆ ಕಣ್ಣು.
ಆದರೆ ನೋಟವೂ ಸಾಲದ ಹಾಗೆ,
ತೆಗೆದುಕೊಳ್ಳುವವರು ಬೇಕು.
ಅವಳ ಮುಖ ಅಂಗೈಯ ಬೆಳಕಿಗೆ ಬಾಗಿದೆ.
ನನ್ನದು ಅವಳ ಬೈತಲೆಗೆ ತಗುಲಿ
ಜಡೆಗುಂಟ ಜಾರಿ ನೆಲಕ್ಕೆ ಬೀಳುತ್ತದೆ.

ಹೋದ ತಿಂಗಳು ಭಾವ ಒಗ್ಬೊನ್ನಾಯ ಬಂದಿದ್ದರು.
ಕೋಲಾ ಕಾಯಿ ಕೈಯಲ್ಲಿ ಹಿಡಿದು,
ಇದಕ್ಕೆ ಇಂಗ್ಲಿಷ್ ತಿಳಿಯದು, ಎಂದು ಮಕ್ಕಳಿಗೆ ಹೇಳಿ,
ಇಗ್ಬೊದಲ್ಲೇ ಹಿರೀಕರನ್ನು ಒಬ್ಬೊಬ್ಬರಾಗಿ ಕರೆದರು.
ಮುಗಿಯಿತು. ಕಾಯಿ ಒಡೆಯಬೇಕು.
ಮುನಾಚಿ ಫೋನಿನ ಹಿಂದಿನಿಂದ:
ದೊಡ್ಡಪ್ಪಾ, ಮೊದಲಿಂದ ಹೇಳ್ತೀರಾ?
ನಿಮ್ಮ ಮುಖಕ್ಕೆ ಬೆಳಕು ಬಿದ್ದಿರಲಿಲ್ಲ.
ನಾನು ಕಣ್ಣು ಬಿಟ್ಟೆ, ಇದ್ದಬದ್ದ ಬಲವೆಲ್ಲ ಹಾಕಿ.
ಭಾವ ಕೆಂಪು ಟೋಪಿ ಸರಿಮಾಡಿಕೊಂಡರು,
ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡರು,
ಸತ್ತವರನ್ನೆಲ್ಲ ಎರಡನೇ ಸಲ ಕರೆದರು.

ಆಮೇಲೊಂದು ನ್ಕ್ವೊ ಸಂತೆಯ ದಿನ
ಊರಿಂದ ಅವ್ವನ ವಿಡಿಯೊ ಕರೆ.
ಮುನಾಚಿ ಹಸೆಯ ಮೇಲೆ ಅಡ್ಡಬಿದ್ದುಕೊಂಡೇ
ಮೀನು ಜಗಿಯುತ್ತ, ಹಾಯ್ ಅಜ್ಜೀ, ಅಂದಳು.
ಅವ್ವ ಏನೂ ಅನ್ನಲಿಲ್ಲ.
ತುಟಿಯಲ್ಲಿ ನಗು. ಕಣ್ಣು ಅರಳಿತು.
ಅಷ್ಟರಲ್ಲಿ ನೆಟ್‌ವರ್ಕ್ ನಿಂತುಹೋಯಿತು.
ನಿಂತ ಅವ್ವ ನಿಂತೇ ಇದ್ದಳು,
ರೆಪ್ಪೆ ಮಿಟುಕದೆ, ಪರದೆಯ ತುಂಬ.
ನಾನು ಬಾಗಿಲಲ್ಲಿದ್ದವಳು,
ಗೊತ್ತಿಲ್ಲದೆ ಸೆರಗಿನಂಚು ಸರಿಮಾಡಿಕೊಂಡಿದ್ದೆ.
ಮುನಾಚಿ ಎದ್ದಳು. ಕೈ ತೊಳೆದು ಬಂದಳು.
ಮಂಡಿ ಬಗ್ಗಿಸಿ, ನಿಶ್ಚಲ ಚಿತ್ರಕ್ಕೆ
ಮೆಲ್ಲಗೆ ನಮಸ್ಕಾರ ಹೇಳಿದಳು.

ಗೆದ್ದೆವು ಅಂದುಕೊಂಡೆ ಅವ್ವನೂ ನಾನೂ.

ನಿನ್ನೆ ಅರಿಯಾರಿಯ ಮಾರುಕಟ್ಟೆ, ನನ್ನ ಹೊಲಿಗೆ ಅಂಗಡಿ.
ಗಿರಾಕಿ ಮದುವೆಯ ಲೇಸ್ ಗೌನು ಕೇಳುತ್ತ ನಿಂತಿದ್ದಳು.
ಅಂಚೊಂದೇ ಬಾಕಿ ಅಕ್ಕಾ, ದೇವರಾಣೆ, ಎಂದೆ.
ಬಟ್ಟೆ ಮೆಷಿನ್ನಿನ ಕೆಳಗೆ
ತಂದ ಮಡಿಕೆಯಲ್ಲೇ ಮಲಗಿತ್ತು.
ಫೋನು ಗುಂಯ್ ಅಂದಿತು. ಮಗಳು:
ಅಮ್ಮಾ, ಆರಕ್ಕೆ ಬರ್ತೀನಿ ಅಂದಿದ್ದೆ. ಎಂಟಾಯ್ತು.
ಕೆಳಗೆ ಅವಳೇ ಕತ್ತರಿಸಿ ಮಾಡಿದ ಸ್ಟಿಕ್ಕರು:
ಅವ್ವ. ತುಟಿಯಲ್ಲಿ ನಗು.
ಬಿಟ್ಟ ಕಣ್ಣು ಬಿಟ್ಟ ಹಾಗೇ.

ಅಕ್ಕಾ, ಕೂತ್ಕೊಳ್ಳಿ, ಎಂದು ಸ್ಟೂಲು ಸರಿಸಿ
ನಾನು ಕತ್ತರಿ ಹುಡುಕತೊಡಗಿದೆ.